ಒಂದು ಒಲೆ, ಒಂದೇ ತಿಂಡಿ, ಊರುದ್ದ ಸಾಲು

ಪೆನಾಂಗ್ ದ್ವೀಪದಲ್ಲಿ ಹಸಿವಾದರೆ ಹೋಟೆಲಿನ ಹೆಸರು ಕೇಳುತ್ತ ಕೂರಬಾರದು, ಸಾಲು ಎಲ್ಲಿದೆ ಅಂತ ನೋಡಬೇಕು. ಬೀದಿಯ ಮೂಲೆಯಲ್ಲೊಂದು ತಗಡಿನ ಗಾಡಿ. ಗಾಡಿಯ ಮೇಲೆ ಒಲೆ, ಒಲೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಬಾಣಲೆ, ಬಾಣಲೆಯ ಹಿಂದೆ ಬನಿಯನ್ ತೊಟ್ಟ ಮುದುಕ. ಎದುರಿಗೆ ಮೂವತ್ತು ನಲವತ್ತು ಜನ. ಮುದುಕ ಯಾರ ಮುಖವನ್ನೂ ನೋಡುವುದಿಲ್ಲ. ಒಂದು ಪ್ಲೇಟಿಗೆ ಆಗುವಷ್ಟು ಹಾಕುತ್ತಾನೆ, ಹುರಿಯುತ್ತಾನೆ, ಬಡಿಸುತ್ತಾನೆ. ಮತ್ತೆ ಒಂದು ಪ್ಲೇಟಿಗೆ ಆಗುವಷ್ಟು ಹಾಕುತ್ತಾನೆ. ಒಂದೇ ಸಲ ಹತ್ತು ಪ್ಲೇಟಿನದು ಹುರಿದು ಸಾಲು ಕರಗಿಸಬಾರದೇ ಎಂದು ಸಾಲಿನಲ್ಲಿ ನಿಂತ ಹೊಸಬರಿಗೆ ಅನಿಸುತ್ತದೆ. ಅವನಿಗೆ ಅನಿಸುವುದಿಲ್ಲ. ಅವನ ಗಾಡಿಯಲ್ಲಿ ಎರಡನೇ ತಿಂಡಿಯೂ ಇಲ್ಲ. ಬಹುಶಃ ಅವನ ಅಪ್ಪನ ಕಾಲದಲ್ಲೂ ಇರಲಿಲ್ಲ.

ಒಂದು ಊರು ಪೂರ್ತಿ ಹೀಗೆ ಬದುಕಲು ಸಾಧ್ಯ ಎಂದು ನಾನು ನಂಬಿರಲಿಲ್ಲ. ಹುರಿದ ಶಾವಿಗೆಯವನು ಹುರಿದ ಶಾವಿಗೆಯನ್ನೇ ಮಾಡುತ್ತಾನೆ, ಸಾರಿನ ಶಾವಿಗೆಯವನು ಸಾರಿನದ್ದನ್ನೇ. ಚೆಂದೊಲ್ ಎಂಬ ತಂಪು ಸಿಹಿ ಮಾರುವವನ ಹತ್ತಿರ ಟೀ ಸಿಗುವುದಿಲ್ಲ. ನಮ್ಮ ದರ್ಶಿನಿಗಳ ಗೋಡೆಯ ಮೇಲೆ ಇಡ್ಲಿಯಿಂದ ಗೋಬಿ ಮಂಚೂರಿಯವರೆಗೆ ಉದ್ದವಾಗಿ ಇಳಿಯುವ ಪಟ್ಟಿಗೆ ಒಗ್ಗಿದ ಕಣ್ಣಿಗೆ ಇದೊಂದು ಬೆರಗು.

ನಾವು ಹೋದದ್ದು ಚೀನೀ ಹೊಸವರ್ಷದ ರಜೆಯಲ್ಲಿ. ಆ ರಜೆಗೆ ಕ್ವಾಲಾಲಂಪುರ, ಸಿಂಗಪುರಗಳಲ್ಲಿ ದುಡಿಯುವ ಪೆನಾಂಗಿನ ಮಕ್ಕಳೆಲ್ಲ ಊರಿಗೆ ಮರಳುತ್ತಾರೆ. ಅವರ ಹಿಂದೆಯೇ ನಮ್ಮಂಥ ಪ್ರವಾಸಿಗರು. ದ್ವೀಪದ ವಿಸ್ತಾರ ಸುಮಾರು 300 ಚದರ ಕಿಲೋಮೀಟರ್, ಅದರಲ್ಲಿ ಬಹುಪಾಲು ಗುಡ್ಡ. ಖಾಯಂ ವಾಸಿಗಳೇ ಎಂಟು ಲಕ್ಷದಷ್ಟು. ಮುಖ್ಯಭೂಮಿಯಿಂದ ಬರಲು ಎರಡು ಸೇತುವೆಗಳಿವೆ: 1985ರಲ್ಲಿ ತೆರೆದದ್ದು ಹದಿಮೂರೂವರೆ ಕಿಲೋಮೀಟರ್, 2014ರದ್ದು 24 ಕಿಲೋಮೀಟರ್. ಹಬ್ಬಕ್ಕೆ ಎರಡರ ಮೇಲೂ ಕಾರುಗಳು ತೆವಳುತ್ತವೆ. ನಾವು ರೈಲಿನಲ್ಲಿ ಬಟರ್‌ವರ್ತ್‌ಗೆ ಬಂದು ಫೆರ್ರಿ ಹತ್ತಿದೆವು. ಆಚೆ ದಡದ ಜಾರ್ಜ್‌ಟೌನ್ ಹತ್ತಿರವಾದಂತೆ ಮೊದಲು ಕಂಡದ್ದು ಹೆಂಚಿನ ಮಾಡುಗಳು, ಅವುಗಳ ಹಿಂದೆ ಗೋಪುರ, ಮಿನಾರು, ಅದಕ್ಕೂ ಹಿಂದೆ ಮೋಡ ಮುಚ್ಚಿದ ಗುಡ್ಡ.

ಪುಲಾವ್ ಪಿನಾಂಗ್ ಎಂಬ ಮಲಯ ಹೆಸರು ಹುಟ್ಟಿದ್ದು ಅಡಿಕೆಯಿಂದ. ರಾಜ್ಯದ ಬಾವುಟದಲ್ಲೂ ಅಡಿಕೆ ಮರದ ಚಿತ್ರವಿದೆ. ನನ್ನ ಹೆಂಡತಿ ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು. ಫೆರ್ರಿಯ ಕಂಬಿ ಹಿಡಿದು ಬಗ್ಗಿ ಬಗ್ಗಿ ನೋಡಿ, “ಎಲ್ಲಿ ಮಾರಾಯ್ರೆ ತೋಟ? ಬರೀ ಫ್ಲಾಟುಗಳೇ ಕಾಣ್ತವೆ” ಎಂದಳು. ಅವಳು ಸಸ್ಯಾಹಾರಿ. ನಾನು ಕುಂದಾಪುರದವನು, ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯದ ಜಾತಿ. ಇಂಥ ಜೋಡಿ ತಿನ್ನುವುದಕ್ಕೆಂದೇ ಒಂದು ದ್ವೀಪಕ್ಕೆ ಹೋದರೆ ಏನಾದೀತು ಎಂಬ ಕುತೂಹಲ ನೆಂಟರಿಗೆಲ್ಲ ಇತ್ತು.

ದಡದ ಹತ್ತಿರವೇ ಕಾರ್ನ್‌ವಾಲಿಸ್ ಕೋಟೆ. 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಿತ್ತುಕೊಂಡ ಅದೇ ಕಾರ್ನ್‌ವಾಲಿಸನ ಹೆಸರು. ಈಸ್ಟ್ ಇಂಡಿಯಾ ಕಂಪನಿಗಾಗಿ ಫ್ರಾನ್ಸಿಸ್ ಲೈಟ್ ಈ ದ್ವೀಪವನ್ನು ಹಿಡಿದದ್ದು 1786ರ ಆಗಸ್ಟ್‌ನಲ್ಲಿ. ಮನಿಲಾ ದಾಳಿಗೆಂದು ಹೊರಟ ಆರ್ಥರ್ ವೆಲ್ಲೆಸ್ಲಿ 1797ರಲ್ಲಿ ಇಲ್ಲಿಯವರೆಗೆ ಬಂದು, ಕರೆ ಬಂತೆಂದು ಹಿಂದಿರುಗಿದ. ಎರಡು ವರ್ಷದ ನಂತರ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಕಡಲಾಚೆಯ ಈ ಪುಟ್ಟ ದ್ವೀಪಕ್ಕೂ ನಮ್ಮ ಕೋಟೆಗಳಿಗೂ ಇಷ್ಟು ಹತ್ತಿರದ ನಂಟು. ಸುಂಕವಿಲ್ಲದ ಬಂದರು ಎಂದು ಘೋಷಿಸಿದ್ದರಿಂದ ಫುಜಿಯನ್, ತಿಯೊಚ್ಯೂ ಕಡೆಯ ಚೀನೀಯರು, ತಮಿಳು ಮುಸ್ಲಿಮರು, ಅಚೆಯವರು, ಸಯಾಮಿನವರು, ಆರ್ಮೇನಿಯದ ವರ್ತಕರು ಎಲ್ಲರೂ ಬಂದು ಸೇರಿದರು. ಒಂದೇ ರಸ್ತೆಯ ಆಸುಪಾಸಿನಲ್ಲಿ ಸೇಂಟ್ ಜಾರ್ಜ್ ಚರ್ಚು, ಕುವಾನ್ ಯಿನ್ ದೇವಿಯ ಗುಡಿ, ಮಹಾಮಾರಿಯಮ್ಮನ ಕೋವಿಲು, ಕಪಿತಾನ್ ಕೆಲಿಂಗ್ ಮಸೀದಿ. 2008ರಲ್ಲಿ ಯುನೆಸ್ಕೊ ಈ ಊರನ್ನು ಮೆಲಾಕದ ಜೊತೆ ಪಾರಂಪರಿಕ ಪಟ್ಟಿಗೆ ಸೇರಿಸಿತು. ನನ್ನ ಮಟ್ಟಿಗೆ ಆ ಚರಿತ್ರೆಯನ್ನು ಕಟ್ಟಡಗಳಿಗಿಂತ ತಟ್ಟೆಗಳಲ್ಲಿ ಚೆನ್ನಾಗಿ ಓದಬಹುದು.

ಆದರೆ ನಾವು ಇಳಿದ ಹೊತ್ತಿಗೆ ತಟ್ಟೆಗಳೇ ಖಾಲಿ! ಹೊಸವರ್ಷದ ಮೊದಲ ಎರಡು ದಿನ ಚೀನೀ ಗಾಡಿಯವರಲ್ಲಿ ಬಹುತೇಕರು ಒಲೆ ಹಚ್ಚುವುದಿಲ್ಲ. ವರ್ಷವಿಡೀ ಊರಿಗೆ ಬೇಯಿಸಿ ಹಾಕಿದವರು ಆ ದಿನ ತಮ್ಮ ಮನೆಯಲ್ಲಿ ಕೂತು ಉಣ್ಣುತ್ತಾರೆ. ಬೀದಿ ತುಂಬ ಕೆಂಪು ಲಾಂದ್ರ, ಕೆಂಪು ಅಂಗಿಯ ಮಕ್ಕಳು, ಮಡಚಿಟ್ಟ ಗಾಡಿಗಳು. ದ್ವೀಪದಲ್ಲಿ ವರ್ಷದಲ್ಲೇ ಅತಿ ಹೆಚ್ಚು ಜನ ಇರುವಾಗ ಅತಿ ಕಡಿಮೆ ಒಲೆಗಳು ಉರಿಯುತ್ತಿರುತ್ತವೆ. ಹಾಗಾದರೆ ಅಷ್ಟು ಜನ ಎಲ್ಲಿ ಹೋಗಬೇಕು? ಎಲ್ಲರೂ ನಾಸಿ ಕಂದಾರಿಗೆ ಹೋಗುತ್ತಾರೆ.

ನಾಸಿ ಕಂದಾರ್ ತಮಿಳು ಮುಸ್ಲಿಮರ ಊಟ. ಬಂದರಿನ ಕೂಲಿಗಳಿಗೆ ಅನ್ನ, ಮೀನು ಸಾರು ಹೊತ್ತು ಮಾರುತ್ತಿದ್ದ ಕಾಲದಿಂದ ಬಂದದ್ದು. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಒಂದು ತುದಿಗೆ ಅನ್ನದ ಬುಟ್ಟಿ, ಇನ್ನೊಂದು ತುದಿಗೆ ಸಾರಿನ ಪಾತ್ರೆ. ಆ ಅಡ್ಡೆಗಳು ಈಗ ಇಲ್ಲ. ಕ್ಯಾಂಬೆಲ್ ಬೀದಿಯ ಹಮೀದಿಯಾ 1907ರಿಂದ ನಡೆಯುತ್ತಿದೆ. ಮಸೀದಿಯ ಪಕ್ಕದ ಇನ್ನೊಂದು ಹಳೆಯ ಅಂಗಡಿಯನ್ನು ಜನ ‘ಬೆರಾತುರ್’ ಎಂದೇ ಕರೆಯುತ್ತಾರೆ, ಅಂದರೆ ಸಾಲು ನಿಲ್ಲುವುದು. ಸಾಲೇ ಅಂಗಡಿಯ ಹೆಸರಾದ ಮೇಲೆ ಬೇರೆ ಬೋರ್ಡು ಯಾಕೆ ಬೇಕು?

ರಾತ್ರಿ ಊಟದ ಹೊತ್ತು ದಾಟಿದ ಮೇಲೂ ನಾವು ನಿಂತ ಸಾಲು ಬೀದಿಯ ತಿರುವು ದಾಟಿತ್ತು. ಮುಂದೆ ಸಿಂಗಪುರದಿಂದ ಬಂದ ಚೀನೀ ಕುಟುಂಬ, ಹಿಂದೆ ಮಲಯ ಹುಡುಗರು, ಅವರ ಹಿಂದೆ ಜರ್ಮನ್ ಮಾತಾಡುವ ದಂಪತಿ. ಯಾರೂ ಗೊಣಗುತ್ತಿರಲಿಲ್ಲ. ಸಾಲು ಮುಂದಕ್ಕೆ ಸರಿದಂತೆ ಮೊದಲು ಮೆಂತ್ಯ, ಕರಿಬೇವಿನ ವಾಸನೆ ಬಂತು, ಆಮೇಲೆ ಹುರಿದ ಕೋಳಿಯದು, ಕೊನೆಗೆ ದೊಡ್ಡ ತಪ್ಪಲೆಗಳು ಕಣ್ಣಿಗೆ ಬಿದ್ದವು. ಬಡಿಸುವವನು ನನ್ನ ಮುಖ ನೋಡಿ ತಮಿಳಿನಲ್ಲಿ ಯಾವ ಊರು ಎಂದು ಕೇಳಿದ. ಬೆಂಗಳೂರು ಎಂದೆ. “ಓ, ಬೆಂಗಳೂರಾ!” ಎಂದು ಒಂದು ತುಂಡು ಬೆಂಡೆಕಾಯಿ ಹೆಚ್ಚಿಗೆ ಹಾಕಿದ. ಅನ್ನ, ಮೀನಿನ ತಲೆ, ಬೊಂಡಾಸ್ ಮೀನು, ಎಲೆಕೋಸು. ಆಮೇಲೆ ಸೌಟು ಮೇಲೆತ್ತಿ “ಬಾಂಜಿರ್?” ಎಂದ. ಪ್ರವಾಹ ಬೇಕೇ ಎಂದು ಅರ್ಥ. ಬೇಕು ಎಂದರೆ ಮೀನಿನ ಸಾರು, ಕೋಳಿಯದು, ದನದ ಮಾಂಸದ ಕಪ್ಪು ಗೊಜ್ಜು, ಬೇಳೆ, ಎಲ್ಲದರಿಂದ ಒಂದೊಂದು ಸೌಟು ಒಂದರ ಮೇಲೊಂದು ಸುರಿದು ಅನ್ನವನ್ನು ಮುಳುಗಿಸುತ್ತಾರೆ. ಬೇಡವಾದ ಸಾರು ಇದ್ದರೆ ಮೊದಲೇ ಹೇಳಬೇಕು. ನಾನು ಮೀನಿನದ್ದನ್ನೂ ಕೋಳಿಯದನ್ನೂ ಹಾಕಿಸಿಕೊಂಡೆ. ಯಾವ ಸಾರಿನ ರುಚಿ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಆ ಒಂದು ತುತ್ತಿನಲ್ಲಿ ಖಾರ, ಹುಳಿ, ಸಣ್ಣಗೆ ಸಿಹಿ ಎಲ್ಲ ಒಟ್ಟಿಗೆ ಬಂದವು. ತಮಿಳರ ಸಾರು ಹೌದು. ಆದರೆ ತಮಿಳುನಾಡಿನಲ್ಲಿ ನಾನು ಉಂಡದ್ದಲ್ಲ. ಸ್ಟಾರ್ ಸೋಂಪು, ದಾಲ್ಚಿನ್ನಿ ಯಾವಾಗಲೋ ಪಕ್ಕದ ಅಂಗಡಿಯಿಂದ ಇದರೊಳಗೆ ಬಂದು ಕೂತಿವೆ.

ಹೆಂಡತಿಯ ಹಬ್ಬವೂ ಆ ಮೊದಲ ದಿನವೇ ಆಯಿತು. ಹೊಸವರ್ಷದ ಮೊದಲ ದಿನ ಮಾಂಸ ಮುಟ್ಟದ ಚೀನೀಯರು ಬಹಳ ಮಂದಿ ಇದ್ದಾರೆ. ಅವರಿಗಾಗಿ ತೆರೆದ ಸಸ್ಯಾಹಾರಿ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. “ಚಿಯಾ ಚಾಯ್” ಎಂದರೆ ಸಾಕು, ಸಸ್ಯಾಹಾರಿ ಎಂದು ಹೊಕ್ಕಿಯೆನ್ ಭಾಷೆಯವರಿಗೆ ತಿಳಿಯುತ್ತದೆ. ಅವಳು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದಳು. ಸೋಯಾದಿಂದಲೂ ಗೋಧಿಯ ಅಂಟಿನಿಂದಲೂ ಮಾಡಿದ ಮೀನು ಅಲ್ಲಿತ್ತು. ಮೇಲೆ ಕಡಲಕಳೆಯ ಹಾಳೆ ಅಂಟಿಸಿ ಚರ್ಮವನ್ನೂ ಮಾಡಿದ್ದರು. ಅಂಗಡಿಯ ಹೆಂಗಸು ಬಹಳ ಹೆಮ್ಮೆಯಿಂದ ಅದನ್ನು ಮುಂದಿಟ್ಟಳು. “ಇಷ್ಟು ಚೆನ್ನಾಗಿ ಮೀನಿನ ಹಾಗೆ ಕಂಡರೆ ನಾನು ಹೇಗೆ ತಿನ್ನಲಿ? ನೀವೇ ತಿನ್ನಿ” ಎಂದು ಹೆಂಡತಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ತಿಂದೆ. ಮೀನಲ್ಲ, ಆದರೆ ಕೆಟ್ಟದ್ದೂ ಅಲ್ಲ. ಅವಳು ಅಣಬೆ, ತೋಫು, ಕಮಲದ ಬೇರು ಹಾಕಿಸಿಕೊಂಡು ಎರಡು ಸಲ ಅನ್ನ ಕೇಳಿದಳು.

ಬೆಳಿಗ್ಗೆ ಲಿಟ್ಲ್ ಇಂಡಿಯಾದ ಬೀದಿಗಳಲ್ಲಿ ಅವಳಿಗೆ ನನ್ನ ಸಹಾಯ ಬೇಕಿರಲಿಲ್ಲ. ಪುತು ಮಾಯಮ್ ಅಂದರೆ ಒತ್ತು ಶಾವಿಗೆಯೇ, ತೆಂಗಿನತುರಿ, ಕಂದು ಸಕ್ಕರೆ ಜೊತೆಗೆ. ರೋತಿ ಚನಾಯ್ ಎಂಬ ಪದರ ಪದರದ ಪರೋಟವನ್ನು ಗಾಳಿಯಲ್ಲಿ ಬೀಸಿ ಅಗಲ ಮಾಡುವವನ ಕೈ ನೋಡಲು ಮಕ್ಕಳು ಗುಂಪು ಕಟ್ಟಿದ್ದರು. ತೆ ತಾರಿಕ್ ಗೊತ್ತಿರುವುದೇ: ಮಂದ ಹಾಲು ಹಾಕಿದ ಟೀಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ನೊರೆ ಎಬ್ಬಿಸುವುದು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನೇ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನ, ರೋತಿ ಚನಾಯ್, ತೆ ತಾರಿಕ್ ಮೂರರ ಹೆಸರೂ ಅದರಲ್ಲಿದೆ.

ಮೂರನೇ ದಿನದಿಂದ ಒಲೆಗಳು ಒಂದೊಂದಾಗಿ ಹತ್ತಿಕೊಂಡವು. ಅಲ್ಲಿಂದ ಮುಂದೆ ನನಗೆ ಗಡಿಯಾರದ ಹಂಗು ಇರಲಿಲ್ಲ.

ಮೊದಲು ಚಾರ್ ಕೊಯ್ ತಿಯೊ. ಸಯಾಮ್ ರಸ್ತೆ, ಲೋರೊಂಗ್ ಸೆಲಾಮತ್ ಇವೆಲ್ಲ ಇದಕ್ಕೆ ಹೆಸರಾದ ಜಾಗಗಳು. ಬಂದರಿನ ದುಡಿಮೆಗಾರರ ಹೊಟ್ಟೆಗೆ ಅಗ್ಗದಲ್ಲಿ ಕಸುವು ತುಂಬಲು ಹುಟ್ಟಿದ ತಿಂಡಿ ಇದು. ಕೆಲವರು ಈಗಲೂ ಇದ್ದಿಲಿನಲ್ಲೇ ಮಾಡುತ್ತಾರೆ. ಒಲೆಯ ಪಕ್ಕ ನಿಂತು ನೋಡಬೇಕು. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಹಂದಿಯ ಕೊಬ್ಬು, ಬೆಳ್ಳುಳ್ಳಿ. ನಾವು ಚಟ್ಲಿ ಎನ್ನುವ ಸಿಗಡಿ ನಾಲ್ಕೈದು. ಬೆರಳಗಲದ ಅಕ್ಕಿ ಶಾವಿಗೆ ಒಂದು ಹಿಡಿ. ಸೋಯಾ ಸಾಸ್ ಎರಚಿದ ತಕ್ಷಣ ಬುಸ್ಸೆಂದು ಏಳುವ ಉರಿ. ಎಲ್ಲವನ್ನೂ ಒಂದು ಬದಿಗೆ ದೂಡಿ ಖಾಲಿಯಾದ ಜಾಗದಲ್ಲಿ ಮೊಟ್ಟೆ ಒಡೆದು, ಅದು ಗಟ್ಟಿಯಾಗುವ ಮುಂಚೆಯೇ ಶಾವಿಗೆಗೆ ಸುತ್ತಿ, ಮೊಳಕೆ ಹೆಸರು, ಬೆಳ್ಳುಳ್ಳಿ ಘಮದ ಹಸಿರೆಲೆ, ಮೆಣಸಿನ ಗೊಜ್ಜು, ಕೊನೆಗೆ ನಮ್ಮ ಮಳಿ, ಮರುವಾಯಿಗಳ ಹಾಗಿನ ಚಿಪ್ಪಿನ ಮಾಂಸ. ಬಾಳೆಲೆ ಹಾಸಿದ ಪ್ಲೇಟಿಗೆ ಒಂದೇ ಎಳೆತದಲ್ಲಿ ಸುರಿಯುತ್ತಾನೆ. ಇಷ್ಟೂ ಆಗುವುದು ಒಂದೆರಡು ನಿಮಿಷದಲ್ಲಿ. ಅವನು ಒಟ್ಟಿಗೆ ಹತ್ತು ಪ್ಲೇಟಿನದು ಯಾಕೆ ಹುರಿಯುವುದಿಲ್ಲ ಎಂಬುದು ಮೊದಲ ತುತ್ತಿನಲ್ಲೇ ತಿಳಿಯಿತು. ಬಾಣಲೆಯಲ್ಲಿ ಸಾಮಾನು ಹೆಚ್ಚಾದರೆ ಕಾವು ಇಳಿದು ಶಾವಿಗೆ ನೀರು ಬಿಡುತ್ತದೆ, ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಈ ತಿಂಡಿಯ ಜೀವ ಇರುವುದು ಅಂಚು ಸುಟ್ಟ ಆ ಹೊಗೆಯ ರುಚಿಯಲ್ಲಿ. ಅದು ಒಂದೊಂದೇ ಪ್ಲೇಟಿಗೆ ಮಾತ್ರ ಒಲಿಯುತ್ತದೆ. ಸಾಲು ಉದ್ದವಾಗುವುದು ಅಡುಗೆಯವನ ಸೊಕ್ಕಿನಿಂದ ಅಲ್ಲ, ಬೆಂಕಿಯ ಲೆಕ್ಕದಿಂದ.

ಕೂತು ತಿನ್ನುವ ರೀತಿಯೂ ಬೇರೆ. ಕೊಪಿತಿಯಂ ಎಂಬ ಹಳೆಯ ಕಾಫಿ ಅಂಗಡಿಗಳಲ್ಲಿ ಯಜಮಾನ ಮಾರುವುದು ಪಾನೀಯ ಮಾತ್ರ. ಒಳಗೆ, ಜಗಲಿಯಲ್ಲಿ, ಎದುರಿನ ಬೀದಿಯಲ್ಲಿ ಗಾಡಿಯವರು ಬಾಡಿಗೆ ಕೊಟ್ಟು ತಮ್ಮ ತಮ್ಮ ತಿಂಡಿ ಮಾಡುತ್ತಾರೆ. ಗಾಡಿಯವನಿಗೆ ಮೇಜಿನ ನಂಬರು ಹೇಳಿ ಬಂದು ಕೂರಬೇಕು. ಪಾನೀಯ ತೆಗೆದುಕೊಳ್ಳದಿದ್ದರೆ ಕೆಲವು ಕಡೆ ಮೇಜಿನ ಬಾಬ್ತು ಚಿಲ್ಲರೆ ಕಾಸು ಕೊಡಬೇಕು. ನ್ಯಾಯವೇ. ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳುವುದು ಇಲ್ಲಿ ಮುಜುಗರದ ವಿಷಯವಲ್ಲ. ಎದುರಿಗೆ ಕೂತ ಅಜ್ಜಿಯೊಬ್ಬಳು ತನ್ನ ತಟ್ಟೆಯ ಸಾಸಿನ ಬಟ್ಟಲನ್ನು ನನ್ನ ಕಡೆ ಸರಿಸಿ, ಹೀಗೆ ಅದ್ದಿ ತಿನ್ನು ಎಂದು ಕೈಸನ್ನೆಯಲ್ಲೇ ತೋರಿಸಿದಳು. ಅಲ್ಲಿ ಕೊಡುವ ಕೊಪಿ ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಸ್ವಲ್ಪ ಹೊತ್ತು ಒಪ್ಪುವುದಿಲ್ಲ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕರಿಯಾಗುವಂತೆ ಹುರಿದು, ಉದ್ದನೆ ಬಟ್ಟೆಯ ಚೀಲದಲ್ಲಿ ಸೋಸಿ, ತಳದಲ್ಲಿ ಡಬ್ಬಿಯ ಮಂದ ಹಾಲು ಹಾಕಿ ಕೊಡುತ್ತಾರೆ. ಕಪ್ಪಗೆ ಬೇಕಾದರೆ ಕೊಪಿ-ಓ. ಜೊತೆಗೆ ಇದ್ದಿಲಿನ ಮೇಲೆ ಸುಟ್ಟ ರೊಟ್ಟಿಗೆ ಸವರಿದ ಕಾಯಾ, ಅಂದರೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆಯ ಪಾಕ. ಚಿಕ್ಕಮಗಳೂರಿನವರ ಎದುರು ಹೇಳುವ ಮಾತಲ್ಲ, ಆದರೆ ಕಾಯಾ ರೊಟ್ಟಿಯ ಪಕ್ಕದಲ್ಲಿ ಆ ಕೊಪಿಯೇ ಸರಿ.

ಈ ದ್ವೀಪದಲ್ಲಿ ನನ್ನನ್ನು ಪೂರ್ತಿ ಗೆದ್ದದ್ದು ಅಸಮ್ ಲಕ್ಸಾ. ಕೆಕ್ ಲೋಕ್ ಸಿ ದೇವಾಲಯದ ಬುಡದಲ್ಲಿ ಐಯರ್ ಇತಾಮ್ ಎಂಬ ಪೇಟೆಯಿದೆ. ಹೊಸವರ್ಷಕ್ಕೆ ಆ ಬೌದ್ಧ ದೇವಾಲಯಕ್ಕೆ ತಳದಿಂದ ತುದಿಯವರೆಗೆ ಲಾಂದ್ರ ಹಚ್ಚುತ್ತಾರೆ. ಅದನ್ನು ನೋಡಲು ಹೋಗುವ ಜನ, ನೋಡಿ ಬರುವ ಜನ, ನಡುವೆ ಬಸ್ಸು, ಬಸ್ಸಿನ ಪಕ್ಕದಲ್ಲೇ ಲಕ್ಸಾ. ಬಟ್ಟಲನ್ನು ಕೈಗೆ ಕೊಟ್ಟಾಗ ಮೂಗಿಗೆ ಮೊದಲು ಬಡಿದದ್ದು ಬಂಗುಡೆ! ಅಲ್ಲಿ ಕೆಂಬುಂಗ್ ಎನ್ನುತ್ತಾರೆ. ನಮ್ಮ ಗಂಗೊಳ್ಳಿ, ಮಲ್ಪೆಯ ಬಂಗುಡೆಯೂ ಅದೇ ಕುಲದ್ದು. ಅದನ್ನು ಬೇಯಿಸಿ ಮುಳ್ಳು ಬಿಡಿಸಿ, ಮಾಂಸವನ್ನು ಪುಡಿಮಾಡಿ ಸಾರಿಗೆ ಬೆರೆಸುತ್ತಾರೆ. ಹುಳಿಗೆ ಹುಣಿಸೆಹಣ್ಣಿನ ಜೊತೆ ಅಸಮ್ ಗೆಲುಗೊರ್ ಎಂಬ ಕಾಯಿಯ ಒಣ ಹೋಳು. ಮುರುಗಲು, ಉಪ್ಪಾಗೆಗಳ ದಾಯಾದಿ ಅದು. ಇಷ್ಟರವರೆಗೆ ನನಗೆ ಎಲ್ಲವೂ ಗುರುತಿನದ್ದೇ. ಆದರೆ ನಾವು ಬಂಗುಡೆಗೆ ತೆಂಗಿನಕಾಯಿ ಅರೆಯುತ್ತೇವೆ. ಇಲ್ಲಿ ಕಾಯಿಯ ಸುಳಿವೇ ಇಲ್ಲ. ಬದಲಿಗೆ ಶುಂಠಿಯ ಬಳಗದ ಗುಲಾಬಿ ಬಣ್ಣದ ಹೂಮೊಗ್ಗು, ನಿಂಬೆಹುಲ್ಲು, ಕೆಸುಮ್ ಎಂಬ ಖಾರ ವಾಸನೆಯ ಎಲೆ, ಮೇಲೆ ಹಸಿ ಪುದೀನ, ಸೌತೆ, ಈರುಳ್ಳಿ, ಅನಾನಸಿನ ಎಳೆ. ಕೆಳಗೆ ದಪ್ಪ ಅಕ್ಕಿ ಶಾವಿಗೆ. ಚಮಚದ ತುದಿಯಲ್ಲಿ ಸಿಗಡಿಯನ್ನು ಹುದುಗಿಸಿ ಬತ್ತಿಸಿದ, ಬೆಲ್ಲದ ಪಾಕದಷ್ಟು ಕಪ್ಪು ದಪ್ಪದ ಹೇ ಕೊ. ಅದನ್ನು ಸಾರಿನಲ್ಲಿ ಕಲಸುತ್ತ ಹೋದಂತೆ ಪ್ರತಿ ತುತ್ತಿನ ರುಚಿಯೂ ಬದಲಾಗುತ್ತ ಹೋಗುತ್ತದೆ. ಹುಳಿ ಕಿವಿಯ ಹಿಂದೆ ಚುರುಗುಟ್ಟುವಂತೆ, ಖಾರ ಹಣೆಯಲ್ಲಿ ಬೆವರೊಡೆಯುವಂತೆ, ಅಷ್ಟರಲ್ಲಿ ಅನಾನಸು ತಂಪಾಗಿ ನಡುವೆ ಬರುವಂತೆ. ಸಿಎನ್‌ಎನ್‌ನವರು 2011ರಲ್ಲಿ ಮಾಡಿದ ಜಗತ್ತಿನ ರುಚಿಕರ ತಿನಿಸುಗಳ ಪಟ್ಟಿಯಲ್ಲಿ ಇದಕ್ಕೆ ಏಳನೇ ಸ್ಥಾನ ಕೊಟ್ಟಿದ್ದರು. ನನಗೆ ಪಟ್ಟಿಗಳ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಆದರೂ ಏಳನೆಯದೇ ಇದಾದರೆ ಮೊದಲ ಆರು ಎಂಥವಿರಬಹುದು ಎಂದು ಅಲ್ಲೇ ನಿಂತು ಯೋಚಿಸಿದೆ. ಐವತ್ತು ವರ್ಷ ಬಂಗುಡೆ ತಿಂದವನಿಗೆ ಆ ಮೀನನ್ನು ಇನ್ನೊಂದು ರೀತಿಯಲ್ಲಿ ಯೋಚಿಸಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದ್ವೀಪದ ಹಿಂಬದಿಯಲ್ಲಿ ಬಾಲಿಕ್ ಪುಲಾವ್ ಎಂಬ ಹಳ್ಳಿಪೇಟೆಯಿದೆ. ಗುಡ್ಡ ಹತ್ತಿ ಇಳಿಯುವ ರಸ್ತೆ, ಎರಡೂ ಕಡೆ ದುರಿಯಾನ್, ಜಾಯಿಕಾಯಿ ಮರಗಳು. ದುರಿಯಾನ್ ಕಾಲ ಸಾಮಾನ್ಯವಾಗಿ ಜೂನ್ ಹೊತ್ತಿಗೆ ಶುರು, ನಮಗೆ ಮರ ಮಾತ್ರ ಸಿಕ್ಕಿತು. ಜಾಯಿಕಾಯಿ ಸಿಕ್ಕಿತು. ಕಂಪನಿಯವರು ಹದಿನೆಂಟನೇ ಶತಮಾನದ ಕೊನೆಯಲ್ಲಿ ಮೊಲುಕ್ಕಾ ದ್ವೀಪಗಳಿಂದ ಸಸಿ ತರಿಸಿ ಇಲ್ಲಿ ನೆಡಿಸಿದ್ದರು. ಬೀಜಕ್ಕೂ ಪತ್ರೆಗೂ ಜಗತ್ತೇ ಜಗಳ ಆಡಿತ್ತು. ಪೆನಾಂಗಿನವರು ಉಳಿದ ತಿರುಳನ್ನು ಬಿಸಾಡದೆ ಶರಬತ್ತು ಮಾಡಿದರು. ಹೆಂಡತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅವಳ ತವರಿನಲ್ಲಿ ಜಾಯಿಕಾಯಿ ಸಿಪ್ಪೆಯ ಉಪ್ಪಿನಕಾಯಿ ಹಾಕುತ್ತಾರೆ, ತಂಬುಳಿ ಮಾಡುತ್ತಾರೆ. “ಇದನ್ನ ಅಮ್ಮಂಗೆ ಹೇಳ್ಬೇಕು, ಇನ್ನೊಂದು ಸಿಕ್ಕಿತು ಅಂತ” ಎಂದಳು.

ಕುಡಿಯುವುದರಲ್ಲಿ ಈ ಊರಿಗೆ ಸರಿಸಾಟಿ ಇಲ್ಲ ಎಂದು ನನ್ನ ತೀರ್ಪು. ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಗಾಳಿಯಲ್ಲಿ ತೇವ ಅಂಟುತ್ತಿರುತ್ತದೆ, ಹತ್ತು ಹೆಜ್ಜೆಗೊಂದು ಪಾನೀಯ. ಅಂಬ್ರಾ ಎಂಬ ಹಸಿರು ರಸ, ಅಮಟೆಕಾಯಿಯ ಸೋದರನದ್ದು, ಒಂದು ಉಪ್ಪು ಹಾಕಿ ಒಣಗಿಸಿದ ಪ್ಲಮ್ ಹಣ್ಣಿನ ಜೊತೆ. ನಾವು ಗೊಜ್ಜು, ಉಪ್ಪಿನಕಾಯಿ ಬಿಟ್ಟು ಮುಂದೆ ಹೋಗದ ಕಾಯಿ ಅದು. ಕಟ್ಟಿಸಿಕೊಂಡು ಹೋಗುವವರಿಗೆ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಬಿಗಿದು, ಸ್ಟ್ರಾ ಸಿಕ್ಕಿಸಿ ಕೊಡುತ್ತಾರೆ. ಬೈಕಿನ ಹಿಡಿಕೆಗೆ ಆ ಚೀಲ ಜೋತಾಡುತ್ತ ಹೋಗುವುದನ್ನು ಎಲ್ಲೆಲ್ಲೂ ನೋಡಬಹುದು. ಪ್ಲಾಸ್ಟಿಕ್ ಬೇಕಿತ್ತೇ ಎಂಬುದು ಬೇರೆ ಮಾತು.

ಚೆಂದೊಲ್‌ಗೆ ಪೆನಾಂಗ್ ರೋಡಿನ ಪಕ್ಕದ ಕೆಂಗ್ ಕ್ವೀ ಓಣಿಗೆ ಹೋಗಬೇಕು. 1936ರಿಂದ ಅಲ್ಲಿ ಒಂದು ಮನೆತನದವರು ಅದನ್ನೇ ಮಾರುತ್ತಿದ್ದಾರೆ. ತುರಿದ ಮಂಜುಗಡ್ಡೆಯ ಮೇಲೆ ತೆಂಗಿನ ಹಾಲು, ತಾಳೆ ಬೆಲ್ಲದ ಪಾಕ, ಬೇಯಿಸಿದ ರಾಜ್ಮಾ, ಹಸಿರು ಬಣ್ಣದ ಮೆದು ಎಳೆಗಳು. ಆ ಹಸಿರೂ ಘಮವೂ ಪಾಂಡನ್ ಎಲೆಯದ್ದು. ಕೇದಗೆಯ ಕುಲದ ಗಿಡ. ಓಣಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ತಿನ್ನುವುದೇ ಪದ್ಧತಿ. ಜನ ಎಷ್ಟಿದ್ದರೆಂದರೆ ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು ಮೊಣಕೈ ಒಳಗೆ ಸೆಳೆದುಕೊಳ್ಳದೆ ಚಮಚ ಎತ್ತಲು ಆಗುತ್ತಿರಲಿಲ್ಲ. ಹೆಂಡತಿ ತನ್ನದನ್ನು ಮುಗಿಸಿ ನನ್ನ ಬಟ್ಟಲಿಗೆ ಚಮಚ ಇಳಿಸಿದಳು.

ಪ್ರವಾಸಿಗರು ನೋಡಲೇಬೇಕು ಎನ್ನುವ ಬೇರೆ ಜಾಗಗಳ ಬಗ್ಗೆ ಎರಡು ಮಾತು ಸಾಕು. ಬಾತು ಫೆರಿಂಗಿಯ ಸಮುದ್ರತೀರ ಸಾಧಾರಣ; ಮರವಂತೆ ನೋಡಿದವರು ಅಲ್ಲಿಗೆ ಹೋಗಿ ಹೊತ್ತು ಕಳೆಯಬೇಕಿಲ್ಲ. ಪೆನಾಂಗ್ ಗುಡ್ಡದ ರೈಲಿಗೆ ಹಬ್ಬದಲ್ಲಿ ಗಂಟೆಗಟ್ಟಲೆ ಕಾಯಬೇಕು, ಅದೂ ತಿಂಡಿಯ ಸಾಲಲ್ಲ. ಆರ್ಮೇನಿಯನ್ ಬೀದಿಯ ಗೋಡೆಚಿತ್ರಗಳು ಮುದ್ದಾಗಿವೆ, ಅವುಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರು ಅಷ್ಟು ಮುದ್ದಾಗಿಲ್ಲ.

ಹಬ್ಬದ ನಿಜವಾದ ಜನಸಾಗರ ಕಂಡದ್ದು ಎಂಟನೇ ದಿನ ಕಳೆದು ಒಂಬತ್ತನೇ ದಿನ ಹುಟ್ಟುವ ರಾತ್ರಿ, ಚ್ಯೂ ಜೆಟ್ಟಿಯಲ್ಲಿ. ಹತ್ತೊಂಬತ್ತನೇ ಶತಮಾನದಿಂದ ಒಂದೊಂದು ಕುಲದವರು ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿಕೊಂಡ ಮರದ ಮನೆಗಳ ಕೇರಿಗಳಲ್ಲಿ ಇದೊಂದು. ಜೇಡ್ ಸಾಮ್ರಾಟ ಎಂಬ ಆಕಾಶದೇವರ ಹುಟ್ಟುಹಬ್ಬ ಅಂದು. ಹಿಂದೊಮ್ಮೆ ವೈರಿಗಳಿಂದ ತಪ್ಪಿಸಿಕೊಳ್ಳಲು ಹೊಕ್ಕಿಯೆನ್ ಜನ ಕಬ್ಬಿನ ಗದ್ದೆಯಲ್ಲಿ ಅಡಗಿದ್ದರಂತೆ, ಒಂಬತ್ತನೇ ದಿನ ಹೊರಬಂದರಂತೆ. ಅದಕ್ಕೇ ಪ್ರತಿ ಪೂಜೆಯ ಮೇಜಿಗೂ ಎಲೆ ಸಮೇತ ಇಡೀ ಕಬ್ಬಿನ ಜಲ್ಲೆ ಕಟ್ಟುತ್ತಾರೆ. ಮೇಜಿನ ಪಕ್ಕ ಮೇಜು ಜೋಡಿಸುತ್ತ ಹೋದ ಸಾಲು ರಸ್ತೆಯುದ್ದಕ್ಕೂ ಚಾಚಿತ್ತು. ಅವುಗಳ ಮೇಲೆ ಸುಟ್ಟ ಇಡೀ ಹಂದಿಗಳು, ಆಮೆಯ ಆಕಾರದ ಗುಲಾಬಿ ಬಣ್ಣದ ಬನ್ನುಗಳು, ಅನಾನಸು, ಟೀ, ಅಕ್ಕಿಯ ಸಿಹಿಗಟ್ಟಿಗಳು. ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ಮಧ್ಯರಾತ್ರಿ ಪಟಾಕಿ ಸಿಡಿದಾಗ ಪಕ್ಕದವಳ ಮಾತೂ ಕೇಳದಾಯಿತು. ದೇವರಿಗೆ ಇಟ್ಟ ಇಷ್ಟೊಂದು ಊಟವನ್ನು ಸಮುದ್ರದ ಅಂಚಿನಲ್ಲಿ, ಬಯಲಿನಲ್ಲಿ, ಅಪರಿಚಿತರ ನಡುವೆ ಇಟ್ಟು ಕೈಮುಗಿಯುವ ಜನರನ್ನು ನೋಡುತ್ತ ನಿಂತೆ. ಅಲ್ಲಿ ಮೈ ಝುಮ್ಮೆಂದಿತು. ಹೆಂಡತಿ ಕಬ್ಬಿನ ಜಲ್ಲೆ ಮುಟ್ಟಿ, “ಸಂಕ್ರಾಂತಿ ಮುಗಿದು ಇಷ್ಟು ದಿನ ಆಯ್ತಲ್ಲ, ಇಲ್ಲಿ ಇನ್ನೂ ನಡೀತಿದೆ” ಎಂದು ನಕ್ಕಳು.

ಒಂದು ವಿಷಯ ಮಾತ್ರ ಮನಸ್ಸಿಗೆ ಕೊರೆಯಿತು. ನಾವು ತಿಂದ ಬಹಳಷ್ಟು ಒಲೆಗಳ ಹಿಂದೆ ಇದ್ದವರು ಅರವತ್ತು ದಾಟಿದವರು. ಇಡೀ ದಿನ ಉರಿಯ ಮುಂದೆ ನಿಲ್ಲುವ ಕೆಲಸಕ್ಕೆ, ಓದಿದ ಮಕ್ಕಳು ಬರುತ್ತಾರೆಂಬ ಖಾತ್ರಿ ಇಲ್ಲ. ಪೆನಾಂಗ್ ಸರ್ಕಾರ 2016ರಿಂದ ನಿಯಮವೊಂದನ್ನು ತಂದಿದೆ: ಲಕ್ಸಾ, ಚಾರ್ ಕೊಯ್ ತಿಯೊ, ಚೆಂದೊಲ್‌ನಂಥ ಊರಿನ ಗುರುತಿನ ತಿಂಡಿಗಳನ್ನು ಬೀದಿಗಾಡಿಗಳಲ್ಲಿ ಹೊರದೇಶದ ಕೆಲಸಗಾರರು ಮಾಡುವಂತಿಲ್ಲ. ಹೊರದೇಶದಿಂದ ಬಂದವರೇ ಕಟ್ಟಿದ ಊರಿನಲ್ಲಿ, ಅವರೇ ತಂದ ಅಡುಗೆಗೆ ಇಂಥ ಕಾಯಿದೆ! ನನಗೆ ಇದು ಸರಿ ಕಾಣಲಿಲ್ಲ. ರುಚಿ ಕೈಗೆ ಬರುವುದು ಪಾಸ್‌ಪೋರ್ಟಿನಿಂದ ಅಲ್ಲ, ಆ ಮುದುಕನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತರೆ. ನಿಲ್ಲುವವರು ಯಾರಾದರೂ ಸರಿಯೇ.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. 2023ರ ಡಿಸೆಂಬರಿನಿಂದ ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಇರಲು ಬಿಟ್ಟಿದೆ. ಹೊರಡುವ ಮುಂಚೆ ನಿಯಮ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಒಂದು ರಿಂಗಿಟ್ ಇಪ್ಪತ್ತು ರೂಪಾಯಿಯ ಆಸುಪಾಸು, ಚಿಲ್ಲರೆ ಕೈಯಲ್ಲಿರಲಿ. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ಇಲ್ಲದಿದ್ದರೆ ಮೂರನೇ ಗಾಡಿಗೆ ತಲುಪುವ ಮುಂಚೆ ಹೊಟ್ಟೆ ಕೈಕೊಡುತ್ತದೆ. ಸಸ್ಯಾಹಾರಿಗಳು ಸಿಗಡಿಯ ಗೊಜ್ಜು ಇದೆಯೇ ಎಂದು ಪ್ರತಿ ಸಲ ಕೇಳಿ, ರೊಜಾಕ್ ಎಂಬ ಹಣ್ಣಿನ ಕೋಸಂಬರಿಯಲ್ಲೂ ಅದು ಇರುತ್ತದೆ. ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರುವರಿ 20ರ ನಡುವೆ ಯಾವಾಗಲಾದರೂ ಬರುತ್ತದೆ. ಜನ ಜಾಸ್ತಿ ಎಂದು ಆ ದಿನಗಳನ್ನು ತಪ್ಪಿಸಬೇಡಿ, ಮೂರನೇ ದಿನ ಇಳಿಯುವ ಹಾಗೆ ಟಿಕೆಟ್ ಮಾಡಿಸಿ, ಒಂಬತ್ತನೆಯ ರಾತ್ರಿ ಮುಗಿಸಿಯೇ ಹೊರಡಿ.